ಗುರುವಾರದ ರಕ್ತ

ಸರಸಳಿಗೆ ಝಕರಿಯಾನ ಮೇಲೆ ಅನುಮಾನ ಹುಟ್ಟಿದ್ದು ಮೂರನೆಯ ಗುರುವಾರ. ಬೆಳ್ತಂಗಡಿಯ ಚಿಕಿತ್ಸಾಲಯದಿಂದ ಎಚ್‌ಐವಿ ಇರುವವರ ರಕ್ತದ ಟ್ಯೂಬ್‌ಗಳನ್ನು ವಾರಕ್ಕೊಮ್ಮೆ ಬಸ್ಸಿನಲ್ಲಿ ಮೂಡುಬಿದಿರೆಯ ಲ್ಯಾಬಿಗೆ ತರುತ್ತಿದ್ದವನು ಅವನು. ಉಳಿದ ದಿನ ಬೇರೆ ಊರುಗಳಿಂದ ಬಂದ ರಕ್ತಕ್ಕೆ ಸರಿಯಾದ ಸಂಖ್ಯೆ ಬರುತ್ತಿತ್ತು. ಝಕರಿಯಾ ತಂದದ್ದಕ್ಕೆ ಮಾತ್ರ ಪ್ರತಿ ಸಲ ಕಡಿಮೆ. ಮಾತ್ರೆ ನುಂಗಿ ಗಟ್ಟಿಮುಟ್ಟಾಗಿ ಓಡಾಡುತ್ತಿದ್ದವರೂ ಇನ್ನೂರು ದಾಟುತ್ತಿರಲಿಲ್ಲ.

ಸಂಖ್ಯೆಯೆಂದರೆ ಸಿಡಿ-ಫೋರ್ ಸಂಖ್ಯೆ. ರೋಗದ ಜೊತೆ ಹೊಡೆದಾಡುವ ಒಂದು ಜಾತಿಯ ಬಿಳಿ ರಕ್ತಕಣದ ಮೈಮೇಲೆ ಆ ಹೆಸರಿನ ಗುರುತಿರುತ್ತದೆ. ಆ ಗುರುತನ್ನೇ ಹುಡುಕಿ ಅಂಟುವ ಆಂಟಿಬಾಡಿಗೆ ಹೊಳೆಯುವ ಬಣ್ಣ ಕಟ್ಟಿ ರಕ್ತಕ್ಕೆ ಬೆರೆಸಬೇಕು. ಕಣಗಳು ಒಂದೊಂದಾಗಿ ಲೇಸರ್ ಮುಂದೆ ಹಾದುಹೋಗುವಾಗ ಬಣ್ಣ ಹತ್ತಿದವು ಮಿನುಗುತ್ತವೆ. ಬೆರಳಿನ ಶಾಯಿ ನೋಡಿ ಮತ ಹಾಕಿದವರನ್ನು ಎಣಿಸಿದ ಹಾಗೆ ಯಂತ್ರ ಅವನ್ನು ಎಣಿಸುತ್ತದೆ. ಆರೋಗ್ಯವಂತರಲ್ಲಿ ಸಾಮಾನ್ಯವಾಗಿ ಐನೂರಕ್ಕೆ ಮೇಲೆ; ಎಚ್‌ಐವಿ ಈ ಕಣಗಳನ್ನೇ ಕೊಲ್ಲುವುದರಿಂದ ಅದು ಹೆಚ್ಚಿದಂತೆ ಸಂಖ್ಯೆ ಇಳಿಯುತ್ತದೆ. 2006ರಲ್ಲಿ ಆ ಯಂತ್ರ ಲ್ಯಾಬಿಗೆ ಬಂದಾಗ ಅದನ್ನು ಮುಟ್ಟುವ ಅಧಿಕಾರ ಸರಸಳೊಬ್ಬಳಿಗೇ ಸಿಕ್ಕಿತು, ಆ ಬಿಂಕ ಅವಳ ನಡಿಗೆಯಲ್ಲೇ ಕಾಣುತ್ತಿತ್ತು.

"ಪೆಟ್ಟಿಗೆ ಬಸ್ಸಿನಲ್ಲಿ ಎಲ್ಲಿ ಇಡ್ತೀರಿ?" ಎಂದು ಅವಳು ಝಕರಿಯಾನನ್ನು ಕೇಳಿದಳು.

"ಮಡಿಲಲ್ಲಿ."

"ಇಂಜಿನಿನ ಬಾನೆಟ್ ಮೇಲೆ ಅಲ್ಲವಾ? ಬಿಸಿಗೆ ರಕ್ತ ಹಾಳಾಗ್ತದೆ."

"ಬಾನೆಟ್ ಮೇಲೆ ಮೀನಿನ ಬುಟ್ಟಿ ಇಡ್ತಾರೆ ಮಾರಾಯ್ರೆ. ಜನರ ರಕ್ತ ಇಡ್ಲಿಕ್ಕೆ ಆಗ್ತದಾ?"

ಉತ್ತರ ಇಷ್ಟು ಬೇಗ ಬಂದದ್ದೇ ಅವಳಿಗೆ ಸಂಶಯ. ಪೆಟ್ಟಿಗೆಯ ತಳ ಮುಟ್ಟಿ ನೋಡಿದಳು, ಮೂಸಿಯೂ ನೋಡಿದಳು. ಮುಂದಿನ ವಾರ ಬಸ್‌ಸ್ಟ್ಯಾಂಡಿನ ಹಣ್ಣಿನಂಗಡಿಯ ಮರೆಯಲ್ಲಿ ನಿಂತು ಕಾದಳು. ಝಕರಿಯಾ ಪೆಟ್ಟಿಗೆಯನ್ನು ಎದೆಗವಚಿಕೊಂಡೇ ಇಳಿದ. ತನ್ನನ್ನು ಕಂಡೇ ಈ ನಾಟಕ ಎಂದುಕೊಂಡಳು. ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ.

ಇನ್ನೊಂದು ಗುರುವಾರ ಅವನೇ ಅಂಗಿಯ ತೋಳು ಮಡಚಿ ಕೈ ಚಾಚಿದ. "ನನ್ನ ರಕ್ತ ಇಲ್ಲೇ ತೆಗೀರಿ. ಇದು ಬಸ್ಸು ಹತ್ತಿಲ್ಲ. ನನ್ನದು ಸರಿ ಬಂದು ಉಳಿದದ್ದು ಕಡಿಮೆ ಬಂದರೆ ತಪ್ಪು ನನ್ನದೇ."

ಎಲ್ಲ ಗುರುವಾರಗಳ ಹಾಗೆ ಅವತ್ತೂ ದುರಸ್ತಿಗೆಂದು ಹಗಲಿಡೀ ಕರೆಂಟ್ ಇರಲಿಲ್ಲ. ಜನರೇಟರ್ ಯಂತ್ರಕ್ಕೆ ಮಾತ್ರ. ಒಳಕೋಣೆಯಲ್ಲಿ ಕಣ್ಣು ಕಾಣದೆ ಸರಸ ಕಿಟಕಿಯ ಬಳಿ ಕೂತು ಬಣ್ಣ ಬೆರೆಸಿದಳು, ಅದು ಅಂಟುವ ತನಕ ಅರ್ಧ ಗಂಟೆ ಟ್ಯೂಬ್‌ಗಳನ್ನು ಅಲ್ಲೇ ಬಿಟ್ಟಳು. ಝಕರಿಯಾನದು ಇನ್ನೂರ ಮೂವತ್ತು ಬಂತು.

ನ್ಯಾಯವಾಗಿ ಆಗ ತನ್ನ ಕೆಲಸವನ್ನು ಅನುಮಾನಿಸಬೇಕಿತ್ತು. ಅವಳು ಮನುಷ್ಯನನ್ನು ಅನುಮಾನಿಸಿದಳು. ಏಳು ವರ್ಷ ದುಬೈಯಲ್ಲಿ ಇದ್ದು ಬಂದವನಲ್ಲವೇ, ಅಲ್ಲಿ ಏನೇನು ಮಾಡಿದ್ದನೋ. ಕೌಂಟರಿನ ಸುಂದರಿಗೆ ವಿಷಯ ತಿಳಿಸಿ, "ಯಾರಿಗೂ ಹೇಳ್ಬೇಡ" ಎಂದಳು. ಸುಂದರಿಯ ಮನೆ ಬಂಟ್ವಾಳ, ಝಕರಿಯಾನದೂ ಬಂಟ್ವಾಳ. ಸೋಮವಾರದೊಳಗೆ ಅವನ ಹೆಂಡತಿ ಹಫ್ಸಳ ಅಣ್ಣಂದಿರು ಬಂದು ಅವಳನ್ನೂ ಮಗಳನ್ನೂ ಮುಂಡಾಜೆಯ ತವರಿಗೆ ಕರೆದುಕೊಂಡು ಹೋದರು. ಝಕರಿಯಾ ಎಚ್‌ಐವಿ ಪರೀಕ್ಷೆ ಮಾಡಿಸಿ, ಇಲ್ಲವೆಂಬ ಚೀಟಿ ಹಿಡಿದುಕೊಂಡು ಅವರಲ್ಲಿಗೆ ಓಡಿದ. "ಮೊದಲಿನ ಚೀಟಿ ಸುಳ್ಳಾದರೆ ಇದು ಹೇಗೆ ನಿಜ ಆಗ್ತದೆ?" ಎಂದರಂತೆ ಅವರು. ಚಿಕಿತ್ಸಾಲಯವೂ ಅವನನ್ನು ಕೆಲಸದಿಂದ ಬಿಡಿಸಿತು.

ಅವನ ಬದಲು ಬಂದವರು ಲೋಕಯ್ಯ. ಹಣೆಗೆ ಗಂಧ, ಮಿತ ಮಾತು, ಯಾರೂ ಸಂಶಯಪಡದ ಮುಖ. ಅವರು ತಂದ ರಕ್ತಕ್ಕೂ ಕಡಿಮೆಯೇ ಬಂತು.

ಸರಸಳ ಅನುಮಾನಕ್ಕೆ ಈಗ ಕೂರಲು ಜಾಗವಿಲ್ಲದಂತಾಯಿತು. ಅದೇ ಗುರುವಾರ ತನ್ನ ತೋಳಿಗೇ ಸೂಜಿ ಚುಚ್ಚಿಕೊಂಡಳು. ಯಂತ್ರ ಇನ್ನೂರ ಹನ್ನೆರಡು ಎಂದಿತು. ಇಷ್ಟು ವರ್ಷಗಳಲ್ಲಿ ಕೈಗೆ ತಾಗಿದ ಒಂದೊಂದು ಸೂಜಿಯನ್ನೂ ನೆನೆಸಿಕೊಂಡಳು. ಊಟ ಸೇರಲಿಲ್ಲ. ಯಾರೊಡನೆಯೂ ಬಾಯಿ ಬಿಡಲಿಲ್ಲ.

ಶುಕ್ರವಾರ ಕರೆಂಟಿತ್ತು. ಅದೇ ತೋಳಿನ ರಕ್ತ ಒಂಬೈನೂರ ನಲವತ್ತು ತೋರಿಸಿತು. ಮನುಷ್ಯ ಅದೇ, ಬಸ್ಸು ಇಲ್ಲವೇ ಇಲ್ಲ, ಹಾಗಾದರೆ ಬೇರೆಯಾದದ್ದು ಯಾವುದು? ಉಳಿದ ದಿನ ಬಣ್ಣ ಬೆರೆಸಿದ ಟ್ಯೂಬ್‌ಗಳನ್ನು ಅವಳು ಮೇಜಿನ ಕೆಳಗಿನ ಕಪಾಟಿನಲ್ಲಿ, ಕತ್ತಲಲ್ಲಿ ಇಡುತ್ತಿದ್ದಳು. ಹಾಗೆ ಇಡಬೇಕೆಂದು ಕಂಪೆನಿಯ ಕಾಗದದಲ್ಲೇ ಬರೆದಿತ್ತು. ಗುರುವಾರ ಮಾತ್ರ ಕಿಟಕಿಯ ಬಿಸಿಲಿಗೆ ಬಣ್ಣ ಮಾಸುತ್ತಿತ್ತು, ಮಿನುಗದ ಕಣಗಳನ್ನು ಯಂತ್ರ ಎಣಿಸುತ್ತಿರಲಿಲ್ಲ. ಅವಳು ಲ್ಯಾಬಿನ ಡಾಕ್ಟರಲ್ಲಿ ತಪ್ಪೊಪ್ಪಿಕೊಂಡಳು. ಗುರುವಾರದವರನ್ನೆಲ್ಲ ಮತ್ತೆ ಕರೆಸುವ ಏರ್ಪಾಡಾಯಿತು.

ಭಾನುವಾರ ಅವಳು ಬಂಟ್ವಾಳಕ್ಕೆ ಹೋದಳು. ಝಕರಿಯಾ ಅಣ್ಣನ ಚಪ್ಪಲಿ ಅಂಗಡಿಯಲ್ಲಿ ಕೂತಿದ್ದ. ತನ್ನ ಎರಡೂ ಚೀಟಿಗಳನ್ನು ಅವನ ಮುಂದಿಟ್ಟು, ಕಿಟಕಿಯ ವಿಷಯವನ್ನೆಲ್ಲ ಹೇಳಿದಳು. "ತಪ್ಪು ನನ್ನದು. ಮುಂಡಾಜೆಗೆ ಬಂದು ಅವರೆದುರೂ ಹೇಳ್ತೇನೆ."

ಅವನು ಚೀಟಿಗಳನ್ನು ನಿಧಾನವಾಗಿ ಓದಿದ.

"ಈ ಇನ್ನೂರ ಹನ್ನೆರಡು ಬಂದ ದಿನ ಸುಂದರಿಗೆ ಹೇಳಿದ್ರಾ?"

"ಇಲ್ಲ."

"ಯಾಕೆ?"

ಸರಸ ತಲೆ ತಗ್ಗಿಸಿದಳು. "ಹೆದರಿಕೆ ಆಯ್ತು. ಜನ ಹತ್ತಿರ ಸೇರಿಸ್ಲಿಕ್ಕಿಲ್ಲ ಅಂತ."

ಝಕರಿಯಾ ಎದ್ದು ಅಂಗಡಿಯ ಬಾಗಿಲು ಅರ್ಧ ಎಳೆದ.

"ಹಾಗಾದರೆ ಈಗಲೇ ಹೋಗುವ," ಎಂದ. "ಹಫ್ಸಳ ಅಣ್ಣಂದಿರಿಗೆ ಆಮೇಲೆ ಹೇಳಿ. ಮೊದಲು ನನ್ನ ಮಗಳಿಗೆ ಹೇಳಿ. ನಾನು ಕೈ ಚಾಚಿದರೆ ಅವಳು ಹಿಂದೆ ಹೋಗ್ತಾಳೆ."