ಒಂದೇ ತೋಳಿನ ಬಿಸಿಲು

"ತೋಳು ಈ ಕಡೆ ತಿರುಗಿಸಿ" ಎಂದು ಚರ್ಮದ ಕ್ಲಿನಿಕ್ಕಿನ ಮಾರ್ಲೀನ್ ದೀಪವನ್ನು ಹತ್ತಿರ ಎಳೆದುಕೊಂಡಳು. ನೋಡಿದ ಕೂಡಲೇ ಅವಳ ಸುಸ್ತು ಇಮ್ಮಡಿಯಾಯಿತು. ಐಲೀನಳ ಬಲತೋಳಿನ ಸುಟ್ಟ ಕಲೆಯ ಸುತ್ತ ಚರ್ಮವೆಲ್ಲ ಬಿಸಿಲಿಗೆ ಕಂದಿತ್ತು. ಕಂದಿದ ಚರ್ಮದ ಮೇಲೆ ಕಲೆ ತೆಗೆಯುವ ಲೇಸರ್ ಹಾಯಿಸುವಂತಿಲ್ಲ. ಹಾಯಿಸಿದರೆ ಹಳೆಯ ಕಲೆಯ ಜೊತೆಗೆ ಹೊಸದೊಂದು.

ಬೆಳಗಿನಿಂದ ಮೂವರು ಹೆಂಗಸರ ತೊಡೆಗಳನ್ನು ಯಂತ್ರದಲ್ಲಿ ತಿಕ್ಕಿ ತಿಕ್ಕಿ ಮಾರ್ಲೀನಳ ಮಣಿಕಟ್ಟು ಬಿದ್ದುಹೋಗಿತ್ತು. ಮಿಶಿಗನ್ನಿನ ಈ ಊರಲ್ಲಿ ಬೇಸಿಗೆ ಇರುವುದೇ ಮೂರು ತಿಂಗಳು. ಆ ಮೂರು ತಿಂಗಳು ಕೆರೆ ದಂಡೆಯಲ್ಲಿ ಚಡ್ಡಿ ತೊಟ್ಟು ಓಡಾಡಲು ವರ್ಷವಿಡೀ ತೊಡೆಯ ಕೊಬ್ಬಿನ ಗುಳಿಗಳೊಂದಿಗೆ ಗುದ್ದಾಟ. ಗುಳಿಗಳು ಹೋಗುತ್ತವೆ, ಬರುತ್ತವೆ. ಹೆಂಗಸರೂ ಅಷ್ಟೆ.

"ಮತ್ತೆ ಬಿಸಿಲಿಗೆ ಹೋಗಿದ್ರಾ? ಇದು ಮೂರನೇ ಸಲ. ಇನ್ನೊಂದು ಸಲ ಲೇಸರ್ ಹಿಡಿದಿದ್ರೆ ಮುಗ್ದೇ ಹೋಗ್ತಿತ್ತು. ಮೂರು ಸಲ ತಪ್ಪಿದ್ರೆ ಫೈಲ್ ಮುಚ್ಚಿಬಿಡು ಅಂತಾರೆ ನಮ್ ಯಜಮಾನ್ರು."

"ಟೊಮ್ಯಾಟೊ ಗಿಡಕ್ಕೆ ನೀರು ಹಾಕ್ತಿದ್ದೆ ಕಣಮ್ಮ."

"ಒಂದೇ ಕೈಲಾ?"

ಎಡತೋಳು ಹಾಲಿನ ಹಾಗೆ ಬೆಳ್ಳಗಿತ್ತು. ಅರವತ್ತೆಂಟರ ಐಲೀನ್ ಕಳ್ಳತನದಲ್ಲಿ ಸಿಕ್ಕಿಬಿದ್ದ ಮಗುವಿನಂತೆ ಗೋಡೆ ನೋಡಿದಳು.

ಅವಳ ಏಳನೇ ವಯಸ್ಸಿನಲ್ಲಿ ಅಕ್ಕ ವರ್ನಾ ಕುದಿಯುವ ಚೆರ್ರಿ ಜಾಮಿನ ಪಾತ್ರೆ ಕೈಜಾರಿಸಿ ಆದ ಕಲೆ ಅದು. ತಾಯಿ ಸತ್ತಾಗ ಏನೋ ಮಾತಿಗೆ ಮಾತು ಬೆಳೆದು ಅಕ್ಕತಂಗಿಯರು ಹನ್ನೊಂದು ವರ್ಷ ಮುಖ ನೋಡಿರಲಿಲ್ಲ. ಹೋದ ಚಳಿಗಾಲ ವರ್ನಾ ಫೋನ್ ಮಾಡಿ, ಆ ಕಲೆ ತೆಗೆಸುತ್ತೇನೆ ಎಂದಳಂತೆ. ತಪ್ಪಾಯಿತು ಎನ್ನಲು ಬಾಯಿ ಬಾರದವರು ಇಂಥ ಸುತ್ತುದಾರಿ ಹಿಡಿಯುತ್ತಾರೆ. ಅಂದಿನಿಂದ ತಿಂಗಳಿಗೊಮ್ಮೆ ಎರಡು ಗಂಟೆ ಕಾರು ಓಡಿಸಿಕೊಂಡು ಬಂದು ತಂಗಿಯನ್ನು ಇಲ್ಲಿಗೆ ಕರೆತರುತ್ತಿದ್ದಳು. ಹೋದ ಸಲ ಮಾರ್ಲೀನ್ ಸನ್‌ಸ್ಕ್ರೀನ್ ಡಬ್ಬವೊಂದನ್ನು ವರ್ನಾಳ ಕೈಗೇ ಕೊಟ್ಟು, ಐಲೀನ್ ದಿನಾ ಹಚ್ಚಿಕೊಳ್ಳಲಿ ಎಂದು ಹೇಳಿ ಕಳಿಸಿದ್ದಳು.

"ಇದು ಮುಗಿದ್ರೆ ಅವಳು ಯಾಕೆ ಬರ್ತಾಳೆ ಹೇಳು" ಎಂದಳು ಐಲೀನ್. "ವಾಪಸ್ ಹೋಗ್ತಾ ಪ್ಯಾನ್‌ಕೇಕ್ ತಿಂತೀವಿ. ನನ್ನ ಕೂದ್ಲು ಸರಿಯಿಲ್ಲ ಅಂತ ಅವಳು ಬೈತಾಳೆ. ಕಾರು ಓಡ್ಸೋಕೆ ಬರಲ್ಲ ಅಂತ ನಾನು ಬೈತೀನಿ. ಅಷ್ಟೇಮ್ಮ."

"ಸುಮ್ನೆ ಬಾ ಅಂತ ಕರೀಬಹುದಲ್ಲ?"

"ನಮ್ಮನೇಲಿ ಯಾರೂ ಯಾರನ್ನೂ ಸುಮ್‌ಸುಮ್ನೆ ಕರೆಯಲ್ಲ."

ಕಂಡವರ ಮನೆಯ ಸಂಗತಿಗೆ ತಲೆ ಹಾಕಬಾರದೆಂದು ಮಾರ್ಲೀನ್ ಎಂದೋ ಕಲಿತಿದ್ದಳು. ಫೈಲ್ ಎತ್ತಿಕೊಂಡು ಹೊರಗೆ ಬಂದಳು.

"ಮುಗೀತಾ?" ವರ್ನಾ ಕುರ್ಚಿಯಿಂದ ಅರ್ಧ ಎದ್ದಳು.

"ಇಲ್ಲ. ಮತ್ತೆ ಕಂದಿದೆ. ಇಲ್ಲೊಂದು ಸಹಿ ಹಾಕ್ಬೇಕು, ಫೈಲ್ ಮುಚ್ಚೋಕೆ."

"ಹುಟ್ಟಿದಾಗಿಂದ ಯಾರ ಮಾತು ಕೇಳಿದಾಳೆ ಇವಳು!" ಎನ್ನುತ್ತ ವರ್ನಾ ಕನ್ನಡಕಕ್ಕೆಂದು ಕೈಚೀಲ ತೆರೆದಳು. ಒಳಗೆ, ಕನ್ನಡಕದ ಪಕ್ಕದಲ್ಲೇ, ಆ ಸನ್‌ಸ್ಕ್ರೀನ್ ಡಬ್ಬವಿತ್ತು. ಅದರ ಮುಚ್ಚಳದ ಅಂಟುಪಟ್ಟಿಯನ್ನೂ ಯಾರೂ ಕಿತ್ತಿರಲಿಲ್ಲ.

ವರ್ನಾ ಅದರ ಮೇಲೆ ಕರವಸ್ತ್ರ ಎಳೆದಳು. "ಮುಚ್ಚಲೇಬೇಕಾ?" ಎಂದಳು, ತಲೆ ಎತ್ತದೆ.

ಯಜಮಾನ ಬೈಯುವುದು ಖಂಡಿತ. ಮಾರ್ಲೀನ್ ಸಹಿಯ ಜಾಗದಲ್ಲಿ ಮುಂದಿನ ತಿಂಗಳ ಒಂದು ಗುರುವಾರದ ತಾರೀಕು ಬರೆದಳು.

ಕಿಟಕಿಯಿಂದ ಕಾರು ಕಾಣುತ್ತಿತ್ತು. ಹೊರಗೆ ಒಳ್ಳೆಯ ಬಿಸಿಲು. ಸ್ಟಿಯರಿಂಗ್ ಹಿಡಿದ ವರ್ನಾ, ತನ್ನ ಬಲಕ್ಕೆ ಕೂತ ತಂಗಿಯ ಕಡೆಯ ಗಾಜನ್ನು ಇಳಿಸಿದಳು. ಐಲೀನ್ ಬಲತೋಳನ್ನು ಹೊರಗಿಟ್ಟಳು.