ಮಾಳಿಂಗಪ್ಪನ ಸಮುದ್ರ

ಮಾಳಿಂಗಪ್ಪ ಅರಬ್ಬೀ ಸಮುದ್ರವನ್ನು ಅರ್ಧ ಕುಡಿದು ಬಂದವನು. ಬಾಯಾರಿತೆಂದು ಒಂದೇ ಗುಟುಕು ಎಳೆದನಂತೆ. ಹಡಗುಗಳೆಲ್ಲ ಕೆಸರಿನಲ್ಲಿ ಕೂತುಬಿಟ್ಟವು, ಕಪ್ತಾನರು ಸಾಲಾಗಿ ನಿಂತು ಕೈಮುಗಿದರು. ಪಾಪ ಅನ್ನಿಸಿ ತಿರುಗಿ ಉಗುಳಿದನಂತೆ. ಸಮುದ್ರ ಇವತ್ತಿಗೂ ಇಳಿದು ಏರುವುದು ಆ ಹೆದರಿಕೆಗೇ. ಅದರ ನಡುವೆ ಒಂದು ದ್ವೀಪ. ಅಲ್ಲಿಯ ಮೀನೊಂದನ್ನು ಹುರಿಯಬೇಕಾದರೆ ಆಳಂದದ ಬಸ್ ಸ್ಟ್ಯಾಂಡಿನಷ್ಟು ಅಗಲದ ಹಂಚು ಬೇಕು.

ಮದುವೆಯಾದಾಗಿನಿಂದ ಊಟಕ್ಕೆ ಕೂತಾಗಲೆಲ್ಲ ಹೆಂಡತಿ ಕಾಶಿಬಾಯಿ ಇದನ್ನೇ ಕೇಳಿದ್ದಳು. ಹಾಗಾಗಿ ಚೊಚ್ಚಲ ಬಸುರಿಯಾದಾಗ ಅವಳು ಹುಣಸೆಕಾಯಿ ಕೇಳಲಿಲ್ಲ, ಹೋಳಿಗೆ ಕೇಳಲಿಲ್ಲ.

"ನನಗ ಆ ದ್ವೀಪದ ಉಸುಕಿನ್ಯಾಗ ಕೂತು ಆ ಮೀನ ತಿನ್ನೂ ಬಯಕಿ ಆಗ್ಯಾದ್ರಿ" ಎಂದಳು.

ಬಸುರಿಯ ಬಯಕೆ ತಮಾಷೆಯಲ್ಲ. ತೀರದಿದ್ದರೆ ಹುಟ್ಟುವ ಕೂಸಿನ ಕಿವಿ ಸೋರುತ್ತವೆ. ಓಣಿಯೇ ಅದನ್ನು ನಂಬಿತ್ತು. ತಾಯಿ ಗುರಮ್ಮ ಮಗನ ಬೆನ್ನು ಹತ್ತಿದಳು. "ಕರಕೊಂಡ ಹೋಗಲೇ ಮಾಳ್ಯಾ. ದಾರಿ ಅಂತೂ ನಿನಗ ಗೊತ್ತದ. ಆದರ ಹೊಳಿ ಮಾತ್ರ ದಾಟಸಬ್ಯಾಡ. ಬಸುರಿ ಹೊಳಿ ದಾಟಿದರ ಕೂಸಿಗೆ ಕಂಟಕ."

ಸಾಹುಕಾರ ಶಿವರಾಯರ ಜೀಪು ಓಡಿಸುವ ಮಾಳಿಂಗಪ್ಪ ತನ್ನ ಜನ್ಮದಲ್ಲಿ ಕಂಡ ದೊಡ್ಡ ನೀರೆಂದರೆ ಅಫಜಲಪುರದ ಹತ್ತಿರ ಹರಿಯುವ ಭೀಮಾ. ಕಾಶಿಬಾಯಿ ಕಂಡದ್ದು ತವರು ಹಿರೋಳ್ಳಿಯ ಬಾವಿ. ತನ್ನ ಮಾನ ಉಳಿದರೆ ಇವೆರಡರ ನಡುವೆಯೇ ಉಳಿಯಬೇಕೆಂದು ಅವನಿಗೆ ತೋಚಿತು. ಬೇಸಿಗೆ ಹತ್ತಿರ ಬಂದರೆ ಭೀಮೆಯ ನಡುವೆ ಮರಳಿನ ನಡುಗಡ್ಡೆಗಳು ಎದ್ದು ಬರುತ್ತವೆ. ಒಂದನ್ನು ದ್ವೀಪವೆಂದು ದಂಡೆಯಿಂದ ತೋರಿಸುವುದು, ಮೀನು ತಿನ್ನಿಸುವುದು, ಕರೆತರುವುದು. ದಾಟುವ ಮಾತೇ ಇಲ್ಲ.

ಶಿವರಾತ್ರಿ ಮುಗಿದ ಮೇಲೆ ಒಂದು ಬೆಳಿಗ್ಗೆ ಸಾಹುಕಾರರ ಜೀಪು ಬೇಡಿ ತಂದು ಹೊರಟ. ಸಮುದ್ರವೆಂದ ಮೇಲೆ ದೂರ ಇರಬೇಕಲ್ಲ, ಗಾಡಿದಾರಿ ಹಿಡಿದು ಸುತ್ತಿಸಿದ. ಜೇವರ್ಗಿಯ ಕಡೆ ಮಾತ್ರ ತಿರುಗಲಿಲ್ಲ. ಆ ರಸ್ತೆಯ ಸೇತುವೆ ಹೊಳೆ ದಾಟಿಸಿಬಿಡುತ್ತದೆ. ಎರಡೂ ಬದಿಗೆ ಕುಸುಬೆ ಹಳದಿಯಾಗಿ ತೂಗುತ್ತಿತ್ತು. ಧೂಳು ಎದ್ದು ಬಿಸಿಲಲ್ಲಿ ಕರಗಿ, ಜೀಪಿಗೆ ಗಾಲಿಗಳೇ ಇಲ್ಲವೇನೋ ಅನ್ನುವಂತಿತ್ತು. ಸೆರಗಿನಲ್ಲಿ ಕಟ್ಟಿಕೊಂಡ ಮಂಡಕ್ಕಿಯ ಸುಸಲಾ ಮುಕ್ಕುತ್ತ ಕಾಶಿಬಾಯಿ ತೂಕಡಿಸಿದಳು, ಎದ್ದಳು, ಮತ್ತೆ ತೂಕಡಿಸಿದಳು.

"ಈ ಜಿಡಗಾ ಮಠ ಆಗಲೇ ಬಂದು ಹೋಗಿತ್ತಲ್ರಿ?"

"ಅದು ಬ್ಯಾರೆ, ಇದು ಬ್ಯಾರೆ. ಸಮುದ್ರದ ಕಡಿ ಎಲ್ಲಾ ಮಠ ಒಂದೇ ನಮೂನಿ ಕಟ್ಟತಾರ."

ನಡುಹಗಲಿಗೆ ದಂಡೆ ಮುಟ್ಟಿದರು. ಬಿಸಿಲ್ಗುದುರೆ ಆಚೆಯ ದಂಡೆಯನ್ನು ನುಂಗಿ ಕೂತಿತ್ತು. ನೀರು ಎಲ್ಲಿ ಮುಗಿದು ಆಕಾಶ ಎಲ್ಲಿ ಹತ್ತಿತೆಂದು ಗೊತ್ತಾಗದು. ನಡುವೆ ಬೆಳ್ಳನೆಯ ನಡುಗಡ್ಡೆ ಗಾಳಿಯಲ್ಲೇ ತೇಲುತ್ತಿತ್ತು. ಕಾಶಿಬಾಯಿ ಎದೆಗೆ ಕೈಯಿಟ್ಟು ನಿಂತುಬಿಟ್ಟಳು. ಮಾಳಿಂಗಪ್ಪನಿಗೂ ಒಂದು ಗಳಿಗೆ ಅದು ಸಮುದ್ರವೇ ಅನ್ನಿಸಿತು.

ದಂಡೆಯಲ್ಲಿ ಪ್ಯಾರಿಬಿ ಮೀನು ಹುರಿದು ಮಾರುತ್ತಿದ್ದಳು. ಅವಳ ಗಂಡ ಶರಫುದ್ದೀನ ಹರಿಗೋಲು ಹಾಕುವವನು. ಮಾಳಿಂಗಪ್ಪ ಓಡಿಹೋಗಿ ಅವಳ ಕಿವಿಯಲ್ಲಿ ಪಿಸುಗುಟ್ಟಿದ, "ಖಾಲಾ, ಇದು ಸಮುದ್ರ ಅನ್ರಿ."

ಪ್ಯಾರಿಬಿ ನೀರಿನ ಕಡೆ ನೋಡಿದಳು. "ಹುಟ್ಟಿದಾಗಿಂದ ಇಲ್ಲೇ ಅದೀನಿ, ನನಗ ಯಾರೂ ಹೇಳೇ ಇಲ್ಲ ನೋಡಪ್ಪಾ."

ಕಾಶಿಬಾಯಿಗೆ ಕಾಣದಂತೆ ಪ್ಯಾರಿಬಿಯ ಉಪ್ಪಿನ ಡಬ್ಬಿಯಿಂದ ಒಂದು ಹಿಡಿ ಉಪ್ಪು ಲೋಟದ ಹೊಳೆನೀರಿಗೆ ಸುರಿದು ಕಲಸಿ, ಮಾಳಿಂಗಪ್ಪ ಹೆಂಡತಿಯ ನಾಲಗೆಗೆ ಒಂದು ಹನಿ ಮುಟ್ಟಿಸಿದ. ಅವಳು ಮುಖ ಕಿವುಚಿ ನಕ್ಕಳು. "ಹೌದ್ರಿ! ಸಮುದ್ರನ!" ಮೀನು ಅಂಗೈಯಷ್ಟೇ ಇತ್ತು. ದೊಡ್ಡವು ಮಧ್ಯಾಹ್ನ ಮಲಗಿರ್ತಾವ ಎಂದ. ಅದನ್ನೂ ನಂಬಿದಳು. ಆದರೆ ಮೀನು ಬಾಯಿಗಿಡಲಿಲ್ಲ.

"ಇಲ್ಲಿ ಅಲ್ಲರಿ, ದ್ವೀಪದಾಗ ಕೂತು ತಿಂತೇನಿ. ನಡೀರಿ."

"ಅವ್ವ ಬ್ಯಾಡ ಅಂದಾಳ."

"ಅತ್ತಿ ಹೊಳಿ ದಾಟಬ್ಯಾಡ ಅಂದಾರ. ಸಮುದ್ರಕ್ಕ ಏನೂ ಅಂದಿಲ್ಲ."

ಮಾಳಿಂಗಪ್ಪ ನೀರಿನ ಕಡೆ ಬೆರಳು ಮಾಡಿದ. "ತಿಮಿಂಗಿಲ ಇರ್ತಾವ."

"ನೀವು ಅದರ ಕಿವಿ ಹಿಂಡಿ ಕಳಿಸಿದ್ರಲ್ಲ?"

"ಬಿರುಗಾಳಿ ಬಂದೀತು."

"ಅದನ್ನ ರುಮಾಲಿನ್ಯಾಗ ಕಟ್ಟಿ ಇಟ್ಟಿದ್ರಲ್ಲ? ನೀವಿದ್ದಾಗ ನನಗೇನು ಅಂಜಿಕಿ?"

ಹೀಗೆಂದು ಸೀರೆ ಎತ್ತಿ ಹಿಡಿದು, ಒಂದು ಕಾಲನ್ನು ಹರಿಗೋಲಿನ ಅಂಚಿಗೆ ಇಟ್ಟೇಬಿಟ್ಟಳು. ಶರಫುದ್ದೀನ ಹುಟ್ಟು ಊರಿದ. ಮಾಳಿಂಗಪ್ಪನ ಬಾಯಲ್ಲಿ ಇನ್ನೂ ಹತ್ತು ಸುಳ್ಳು ತಯಾರಿದ್ದವು. ಒಂದಕ್ಕೂ ಆ ಕಾಲನ್ನು ಹಿಂದಕ್ಕೆಳೆಯುವ ತಾಕತ್ತಿರಲಿಲ್ಲ. ಹಾರಿ ಅವಳ ರಟ್ಟೆ ಹಿಡಿದ.

"ಕಾಲ ತಗಿ ಕಾಶಿ! ಇದು ಭೀಮಾ. ಹೊಳಿ!"

"ಅಲ್ಲಾಹ್, ನನ್ನೂರು ನನಗ ತಿರುಗಿ ಸಿಕ್ತು" ಎಂದಳು ಪ್ಯಾರಿಬಿ.

ಕಾಶಿಬಾಯಿ ನಗಲಿಲ್ಲ. ಕಾಲು ತೆಗೆದು, ಹೊಟ್ಟೆಯ ಮೇಲೆ ಕೈಯಿಟ್ಟು ನಡುಗಡ್ಡೆಯನ್ನೇ ನೋಡಿದಳು. ಕಣ್ಣು ತುಂಬಿದವು. "ಹಂಗಾದರ ಕೂಸಿನ ಕಿವಿ?"

ಪ್ಯಾರಿಬಿ ಮಾಳಿಂಗಪ್ಪನ ಕೈಗೆ ಒಂದು ಬುಟ್ಟಿ ಹಾಕಿದಳು. "ಈಕಿ ಅಲ್ಲಿಗೆ ಹೋಗಬಾರದು, ಖರೆ. ಅದು ಇಲ್ಲಿಗೆ ಬರಬಾರದೇನು? ಹೋಗು, ತುಂಬಕೊಂಡ ಬಾ."

ಹರಿಗೋಲು ಹೋಯಿತು, ಬಂತು, ಮತ್ತೆ ಹೋಯಿತು. ಮಾಳಿಂಗಪ್ಪ ಬೆವರು ಸುರಿಸುತ್ತ ನಡುಗಡ್ಡೆಯ ಮರಳು ತಂದು ದಂಡೆಯ ಮೇಲೆ ಸುರಿದ, ಹೆಂಡತಿ ಕಾಲು ಚಾಚಿ ಕೂಡುವಷ್ಟು. ಕೊನೆಯ ಬುಟ್ಟಿಯಲ್ಲಿ ಅಲ್ಲೇ ಮರಳಲ್ಲಿ ಬೆಳೆದ ಒಂದು ಕಲ್ಲಂಗಡಿಯೂ ಬಂತು. ಕಾಶಿಬಾಯಿ ಬೆಳ್ಳನೆಯ ಆ ಗುಡ್ಡೆಯ ಮೇಲೆ ಕೂತು, ಮೀನು ತಿಂದಳು, ಹಣ್ಣು ತಿಂದಳು. ಗಲ್ಲದ ಮೇಲೆ ಕೆಂಪು ರಸ ಇಳಿಯಿತು. ನೀರಿನ ಮೇಲಿನ ಬೆಳಕು ಅವಳ ಮುಖದಲ್ಲಿ ಆಡುತ್ತಿತ್ತು.

"ಬಾಣಂತನ ಮುಗದ ಮ್ಯಾಲ ಖರೇ ಸಮುದ್ರಕ್ಕ ಹೋಗೂಣ್ರಿ" ಎಂದಳು. "ಯಾವ ಕಡಿ ಹೋಗಬೇಕು?"

ಮಾಳಿಂಗಪ್ಪ ಅಭ್ಯಾಸಬಲದಿಂದ ಕೈಯೆತ್ತಿದ. ಬೆರಳು ಯಾವ ದಿಕ್ಕಿಗೂ ನಿಲ್ಲಲಿಲ್ಲ. ಕೈ ಇಳಿಸಿದ.

"ಗೊತ್ತಿಲ್ಲ ಕಾಶಿ. ನಾ ಸಮುದ್ರ ನೋಡೇ ಇಲ್ಲ. ಸೊಲ್ಲಾಪುರದ ಚಹಾದಂಗಡ್ಯಾಗ ಸಮುದ್ರದ ಪಟದ ಒಂದ ಕ್ಯಾಲೆಂಡರ್ ಇತ್ತು. ಅಷ್ಟ."