ತೂಕದ ಎಣ್ಣೆ

ನಮ್ಮ ಶೆಡ್ಡಿನಲ್ಲಿ ಹೊಸಬನೊಬ್ಬ ಕೆಲಸಕ್ಕೆ ಸೇರಿದರೆ ಮೊದಲ ಆರು ತಿಂಗಳು ಅವನನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಆಮೇಲೊಂದು ದಿನ ಊಟದ ಹೊತ್ತಿನಲ್ಲಿ ಅವನ ಕಿವಿಯನ್ನು ಮುಂದಕ್ಕೆ ಮಡಚಿ ನೋಡುತ್ತಿದ್ದೆವು. ಕಿವಿಯ ಹಿಂದೆ ಎಳ್ಳು ಚೆಲ್ಲಿದ ಹಾಗೆ ಕಪ್ಪು ಚುಕ್ಕೆಗಳು ಎದ್ದಿದ್ದರೆ ಎಲ್ಲರೂ ಚಪ್ಪಾಳೆ ತಟ್ಟಿ, "ಕೆಲಸ ಕಾಯಂ ಆಯ್ತಪ್ಪಾ!" ಎನ್ನುತ್ತಿದ್ದೆವು. ಅವತ್ತಿನ ಟೀ ಅವನದು. ಆಫೀಸಿನಿಂದ ಬರುವ ಕಾಗದಕ್ಕಿಂತ ನಮಗೆ ಈ ಚುಕ್ಕೆಗಳ ಮೇಲೆ ನಂಬಿಕೆ ಹೆಚ್ಚು. ನನಗೆ ಅವು ಎದ್ದದ್ದು ನಾಲ್ಕೇ ತಿಂಗಳಿಗೆ. ಅದನ್ನು ಹೇಳಿಕೊಂಡು ಹತ್ತೊಂಬತ್ತು ವರ್ಷ ಬೀಗಿದ್ದೇನೆ.

ನಾವು ಮಾಡುವುದು ಕೆಟ್ಟುಹೋದ ಟ್ರಾನ್ಸ್‌ಫಾರ್ಮರ್‌ಗಳ ರಿಪೇರಿ. ಬೀದಿಯ ಕಂಬದ ಮೇಲೆ ಕೂತಿರುತ್ತವಲ್ಲ, ಕಾರ್ಖಾನೆಗಳ ಹಿಂದೆ ಗುಂಯ್ ಅನ್ನುತ್ತಿರುತ್ತವಲ್ಲ, ಆ ಪೆಟ್ಟಿಗೆಗಳು. ಮುಚ್ಚಳ ಬಿಚ್ಚಿ, ಒಳಗಿನ ಎಣ್ಣೆ ಬಸಿದು, ಸುಟ್ಟ ತಾಮ್ರದ ಸುರುಳಿ ತೆಗೆದು, ಹೊಸದು ಸುತ್ತಿ ಕೂರಿಸುತ್ತೇವೆ. ಎಣ್ಣೆ ಎರಡು ಬಗೆ. ಈಗಿನ ಪೆಟ್ಟಿಗೆಗಳದು ತೆಳು, ನೀರಿಗೆ ಹಾಕಿದರೆ ತೇಲುತ್ತದೆ. ತೀರ ಹಳೆಯ ಕೆಲವು ಪೆಟ್ಟಿಗೆಗಳಲ್ಲಿ ಬೇರೆಯದೇ ಸಿಗುತ್ತಿತ್ತು. ಡಬ್ಬಿ ಎತ್ತಿದರೇ ಭಾರ. ನೀರಿಗೆ ಬಿಟ್ಟರೆ ಸೀದಾ ತಳಕ್ಕೆ ಹೋಗಿ ಕೂರುತ್ತಿತ್ತು. ಬೆಂಕಿಕಡ್ಡಿ ಗೀರಿ ಹಿಡಿದರೂ ಹತ್ತಿಕೊಳ್ಳುತ್ತಿರಲಿಲ್ಲ. ನಾವು ಅದಕ್ಕೆ ತೂಕದ ಎಣ್ಣೆ ಎನ್ನುತ್ತಿದ್ದೆವು. ತೂಕ ಇದ್ದಲ್ಲಿ ಸತ್ವ ಇರುತ್ತದೆ ಎನ್ನುವುದು ನಮ್ಮ ಮೇಸ್ತ್ರಿಯ ಮಾತು. ಮಂಡಿನೋವಿಗೆ ಇದಕ್ಕಿಂತ ಮದ್ದಿಲ್ಲ ಎಂದು ಮೊದಲು ಹಚ್ಚಿಕೊಂಡವನೂ ಅವನೇ. ಅವನನ್ನು ನೋಡಿ ನಾವೆಲ್ಲ. ಅಂಥ ಪೆಟ್ಟಿಗೆ ಬಂದ ದಿನ ಒಬ್ಬೊಬ್ಬರೂ ಒಂದೊಂದು ಬಾಟಲಿ ತುಂಬಿಸಿ ಮನೆಗೆ ಒಯ್ಯುವುದು ಶೆಡ್ಡಿನ ರೂಢಿಯಾಯಿತು.

ಮೇಸ್ತ್ರಿ ಹೋದ ವರ್ಷ ತೀರಿಕೊಂಡ. ಕಣ್ಣು ಹಳದಿಯಾಗಿ, ಹೊಟ್ಟೆ ಉಬ್ಬಿ, ಎರಡೇ ತಿಂಗಳಲ್ಲಿ. ಲಿವರ್ ಹೋಗಿತ್ತಂತೆ. ಕುಡಿತ ಬಿಡು, ಇನ್ನೇನು, ಅಂದೆವು. ಅವನು ಟೀ ಬಿಟ್ಟು ಬೇರೇನನ್ನಾದರೂ ಕುಡಿದದ್ದನ್ನು ನಮ್ಮಲ್ಲಿ ಒಬ್ಬನೂ ನೋಡಿರಲಿಲ್ಲ.

ನನ್ನ ಮಗಳಿಗೆ ಹದಿನೇಳು. ಅವಳ ಮುಖದಲ್ಲಿ ಮೊದಲ ಗುಳ್ಳೆಗಳು ಕಾಣಿಸಿದ್ದು ಕಣ್ಣಿನ ಪಕ್ಕ, ಕೆನ್ನೆಯ ಮೂಳೆಯ ಮೇಲೆ. "ಪ್ರಾಯದ ಮೊಡವೆ, ಬಂದ ದಾರೀಲೇ ಹೋಗುತ್ತೆ" ಎಂದಳು ನನ್ನ ಅಮ್ಮ. ಹೋಗಲಿಲ್ಲ. ತಿಂಗಳಾಗುವಷ್ಟರಲ್ಲಿ ಎರಡು ಕೆನ್ನೆಯೂ ತುಂಬಿ, ಕಪ್ಪು ತಲೆಯ ಗಟ್ಟಿ ಗುಳ್ಳೆಗಳು ಕಿವಿಯವರೆಗೆ ಹಬ್ಬಿದವು.

ನನ್ನ ಹೆಂಡತಿ ಕಳ್ಳನನ್ನು ಹಿಡಿಯಲು ಹೊರಟಳು. ಮೊದಲು ಕರಿದ ತಿಂಡಿ ಬಂದ್. ಆಮೇಲೆ ಚಾಕೊಲೇಟು. ಆಮೇಲೆ ಹಾಲು. ದಿಂಬಿನ ಕವರು ದಿನಕ್ಕೊಂದು ಒಗೆದಳು. ಫೋನನ್ನು ಕೆನ್ನೆಗೆ ಒತ್ತಿ ಹಿಡೀಬೇಡ ಅಂದಳು. ಸಾಬೂನು ನಾಲ್ಕು ಸಲ ಬದಲಾಯಿತು. ನಿಂಬೆರಸ ಆಯಿತು, ಜೇನು ಆಯಿತು, ಔಷಧದ ಅಂಗಡಿಯವನು ಕೊಟ್ಟ ಮುಲಾಮು ಆಯಿತು. ಯಾರೋ ಹೇಳಿದರೆಂದು ಮಗಳು ಒಂದು ಬೆಳಿಗ್ಗೆ ಮುಖದ ತುಂಬ ಟೂತ್‌ಪೇಸ್ಟಿನ ಬೊಟ್ಟಿಟ್ಟುಕೊಂಡು ಬಂದಳು.

"ಏನಮ್ಮಾ, ಸುಣ್ಣ ಹೊಡೆಯೋದನ್ನ ಅರ್ಧಕ್ಕೇ ನಿಲ್ಲಿಸಿಬಿಟ್ಟೆ?" ಎಂದೆ.

ಅವಳು ನಗಲಿಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. "ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಎಷ್ಟು ಸಲ ಹೇಳೋದ್ರೀ ನಿಮಗೆ?" ಎಂದು ಹೆಂಡತಿ ಗದರಿದಳು. ಏನು ಮಾಡಲಿ, ಸುಮ್ಮನಿರುವುದು ನನ್ನ ಜಾಯಮಾನದಲ್ಲೇ ಇಲ್ಲ. ಸಾವಿನ ಮನೆಯಲ್ಲೂ ಒಬ್ಬರನ್ನಾದರೂ ನಗಿಸದೆ ಎದ್ದು ಬಂದವನಲ್ಲ ನಾನು.

ಅಷ್ಟರಲ್ಲಿ ನನ್ನ ತಂಗಿಗೆ ದಿನ ತುಂಬುತ್ತಾ ಬಂತು. ಅವಳಿರುವುದು ಬಸ್ಸಿನಲ್ಲಿ ಅರ್ಧ ದಿನದ ದಾರಿ. ಬಾಣಂತನಕ್ಕೆ ಅಮ್ಮ ಹೊರಟಳು. ಆ ಬೆಳಿಗ್ಗೆಯೂ ಎಂದಿನ ಹಾಗೆ ಮಂಚದ ಅಂಚಿನಲ್ಲಿ ಕೂತು, ಮಂಡಿಗೆ ತೂಕದ ಎಣ್ಣೆ ತಿಕ್ಕಿಕೊಂಡು, ಮೊಮ್ಮಗಳನ್ನು ಮುಂದೆ ಕೂರಿಸಿಕೊಂಡು ಜಡೆ ಹಾಕಿದಳು. ಅಂಗೈಯಲ್ಲಿ ಉಳಿದ ಜಿಡ್ಡನ್ನು ಕೂದಲಿಗೆ ಸವರಿ, ಕಿವಿಯ ಮೇಲಿನ ಎಳೆಗಳನ್ನು ತೀಡಿ, ಎರಡು ಕೈಯಲ್ಲೂ ಅವಳ ಕೆನ್ನೆ ಹಿಡಿದು ಲೊಚಕ್ಕನೆ ಮುತ್ತಿಟ್ಟಳು. ಉಳಿದದ್ದನ್ನು ಯಾಕೆ ದಂಡ ಮಾಡೋದು ಎನ್ನುವುದು ಅಮ್ಮನ ಧರ್ಮ. ಮೊಮ್ಮಗಳು ಪ್ರೈಮರಿ ಶಾಲೆಗೆ ಹೋಗುವಾಗಿನಿಂದ ಜಡೆ ಅಮ್ಮನ ಪಾಲಿನ ಕೆಲಸ. ಎಣ್ಣೆ ಮಾತ್ರ ಬಂದು ಒಂದು ವರ್ಷ ಆಗಿತ್ತು, ಅದಕ್ಕೆ ಮುಂಚೆ ಅವಳ ಮಂಡಿ ನೆಟ್ಟಗಿತ್ತು.

ದಾರಿಗೆಂದು ನಾನೇ ದೊಡ್ಡ ಬಾಟಲಿ ತುಂಬಿಸಿ, ಮುಚ್ಚಳಕ್ಕೆ ಪ್ಲಾಸ್ಟಿಕ್ ಸುತ್ತಿ, ಅವಳ ಚೀಲದಲ್ಲಿಟ್ಟೆ.

"ಇಷ್ಟೊಂದು ಯಾಕೋ?" ಎಂದಳು.

"ಹುಟ್ಟೋ ಪಾಪೂಗೂ ದಿನಾ ಹಚ್ಚಮ್ಮಾ. ಕಾಲು ಗಟ್ಟಿ ಆಗ್ಲಿ. ಹುಟ್ಟುತ್ತಲೇ ಕೆಲಸ ಕಾಯಂ ಆದ್ರೆ ನಮಗೂ ಚಿಂತೆ ಇಲ್ಲ."

ಎಲ್ಲರೂ ನಕ್ಕರು. ಎಷ್ಟೋ ದಿನದ ಮೇಲೆ ಮಗಳೂ ನಕ್ಕಳು.

ಅಮ್ಮ ಹೋಗಿ ನಾಲ್ಕನೇ ದಿನಕ್ಕೆ ಮಗು ಹುಟ್ಟಿತು, ಹೆಣ್ಣು. ಇಲ್ಲಿ ನನ್ನ ಮಗಳು ಕಾಲೇಜು ಬಿಟ್ಟಳು. ಬಿಟ್ಟೆ ಎಂದು ಹೇಳಲಿಲ್ಲ, ಒಂದು ದಿನ ತಲೆನೋವು, ಇನ್ನೊಂದು ದಿನ ಹೊಟ್ಟೆನೋವು. ಬಚ್ಚಲಿನ ಕನ್ನಡಿಯ ಮೇಲೆ ಟವೆಲು ಬಿತ್ತು. ಮನೆಯೊಳಗೂ ಮುಖಕ್ಕೆ ತೆಳು ಬಟ್ಟೆ ಸುತ್ತಿಕೊಂಡು ಓಡಾಡತೊಡಗಿದಳು. ಊಟಕ್ಕೆ ಕೂತರೆ ಮೇಲಿನ ದೀಪ ಆರಿಸುತ್ತಿದ್ದಳು. ಒಂದು ಸಂಜೆ ನನ್ನ ಪಕ್ಕ ಬಂದು ಕೂತು, "ಅಪ್ಪಾ, ನಾನು ಏನು ತಪ್ಪು ಮಾಡ್ದೆ?" ಎಂದಳು. ಮರುದಿನವೇ ಶೆಡ್ಡಿಗೆ ರಜೆ ಹಾಕಿ, ತಾಯಿ ಮಗಳನ್ನು ಕರೆದುಕೊಂಡು ಚರ್ಮದ ಡಾಕ್ಟರ ಹತ್ತಿರ ಹೋದೆ.

ಡಾಕ್ಟರು ನಡುವಯಸ್ಸಿನ ಹೆಂಗಸು, ಮಾತು ಕಮ್ಮಿ. ಮಗಳ ಮುಖದ ಬಟ್ಟೆ ಬಿಡಿಸಿ, ದೀಪ ಹತ್ತಿರ ಎಳೆದು, ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಹೆಂಡತಿ ತನ್ನ ಪಟ್ಟಿ ಶುರು ಮಾಡಿದಳು: ಕರಿದದ್ದು ಬಿಡಿಸಿದೀನಿ, ಚಾಕೊಲೇಟು ಬಿಡಿಸಿದೀನಿ. ಡಾಕ್ಟರು ಕೈ ಎತ್ತಿ ತಡೆದರು.

"ಈ ವಯಸ್ಸಿನ ಮೊಡವೆ ಸಾಮಾನ್ಯವಾಗಿ ಹಣೆ, ಮೂಗು, ಗದ್ದ ಹಿಡಿಯುತ್ತೆ. ಇಲ್ಲಿ ನೋಡಿ, ಮೂಗು ನುಣ್ಣಗಿದೆ. ಎಲ್ಲಾ ಕಣ್ಣಿನ ಪಕ್ಕ, ಕೆನ್ನೆ ಮೇಲೆ, ಕಿವಿ ಹಿಂದೆ. ಇದು ತಿಂಡಿಯಿಂದ ಬಂದದ್ದಲ್ಲ." ಮಗಳ ಕಡೆ ತಿರುಗಿದರು. "ನೀನು ಏನೂ ತಪ್ಪು ಮಾಡಿಲ್ಲ ಮರಿ. ಚಿವುಟೋದು, ತಿಕ್ಕೋದು ಮಾತ್ರ ಇವತ್ತೇ ಬಿಡು."

ಮಗಳು ಬಿಕ್ಕಿ ಬಿಕ್ಕಿ ಅತ್ತಳು. ಅಷ್ಟು ಹಗುರಾದ ಅಳು ನಾನು ಕೇಳಿರಲಿಲ್ಲ. ನನಗೂ ಜೀವ ಬಂದಂತಾಗಿ ಏನೋ ತಮಾಷೆ ಹೇಳಲು ಬಾಯಿ ತೆರೆದೆ. ಡಾಕ್ಟರು ನನ್ನನ್ನೇ ನೋಡುತ್ತಿದ್ದರು.

"ನೀವು ಸ್ವಲ್ಪ ಹತ್ತಿರ ಬನ್ನಿ."

ಹೋದೆ. ಅವರು ನನ್ನ ಕಿವಿಯನ್ನು ಮುಂದಕ್ಕೆ ಮಡಚಿದರು. ಶೆಡ್ಡಿನಲ್ಲಿ ನಾವು ಮಡಚುವ ಹಾಗೇ. ಅಭ್ಯಾಸಬಲ, ಚಪ್ಪಾಳೆ ಕೇಳಿಸುತ್ತದೆ ಎಂದು ಕಾದೆ.

"ಇದು ಎಷ್ಟು ವರ್ಷದಿಂದ ಇದೆ?"

ಶೆಡ್ಡು, ಹಳೇ ಪೆಟ್ಟಿಗೆಗಳ ಎಣ್ಣೆ ಬಸಿಯುವುದು, ಚುಕ್ಕೆ, ಕಾಯಂ, ಟೀ ಎಲ್ಲವನ್ನೂ ನಗುನಗುತ್ತಾ ಹೇಳಿದೆ. ಅವರು ನಗಲಿಲ್ಲ.

"ಎಷ್ಟು ಜನಕ್ಕಿದೆ?"

"ಹನ್ನೆರಡು ಜನ. ಎಲ್ಲರಿಗೂ ಇದೆ."

ಪೆನ್ನು ಕೆಳಗಿಟ್ಟರು. "ನಿಮ್ಮಲ್ಲಿ ಯಾರಿಗಾದರೂ ಲಿವರ್ ತೊಂದರೆ ಆಗಿದೆಯಾ?"

ಬಾಯಲ್ಲಿದ್ದ ನಗು ಹಾಗೇ ಒಣಗಿತು. "ಮೇಸ್ತ್ರಿ" ಎಂದೆ.

ಅವರು ನಿಧಾನವಾಗಿ ತಿಳಿಸಿದರು. ಹಳೆಯ ಕಾಲದ ಕೆಲವು ಪೆಟ್ಟಿಗೆಗಳ ಎಣ್ಣೆಯಲ್ಲಿ ಒಂದು ರಾಸಾಯನಿಕ ಇರುತ್ತಿತ್ತಂತೆ. ಅದನ್ನು ತಯಾರಿಸುವುದನ್ನೇ ನಿಲ್ಲಿಸಿ ಎಷ್ಟೋ ಕಾಲವಾಗಿದೆ. ಚರ್ಮದಿಂದಲೇ ಒಳಗಿಳಿಯುತ್ತದೆ, ಇಳಿದದ್ದನ್ನು ಯಾವ ಸಾಬೂನೂ ತೊಳೆಯುವುದಿಲ್ಲ. ಮೊದಲು ಮುಖದಲ್ಲಿ ಹೀಗೆ ಏಳುತ್ತದೆ. ಒಳಗೆ ಏನಾಗಿದೆ ಎಂದು ರಕ್ತ ಪರೀಕ್ಷೆಯಿಂದ ತಿಳಿಯಬೇಕು, ನಮ್ಮ ಮೂವರದೂ, ಶೆಡ್ಡಿನ ಎಲ್ಲರದೂ.

"ಆದ್ರೆ ಮೇಡಂ, ನಾನು ಶೆಡ್ಡಲ್ಲೇ ಸ್ನಾನ ಮಾಡಿ ಬರ್ತೀನಿ. ಕೆಲಸದ ಬಟ್ಟೇನೂ ಅಲ್ಲೇ ಬಿಟ್ಟು ಬರ್ತೀನಿ. ಇವಳಿಗೆ ಹೇಗೆ ಬರುತ್ತೆ?"

"ಹಾಗಾದ್ರೆ ಮನೆಯೊಳಗೆ ಇನ್ನೊಂದು ದಾರಿ ಇದೆ. ಅದನ್ನ ಮುಚ್ಚೋ ತನಕ ನಾನು ಯಾವ ಕ್ರೀಮು ಬರೆದುಕೊಟ್ಟರೂ ಪ್ರಯೋಜನ ಇಲ್ಲ."

ನಾನು ತಲೆ ಕೆರೆದುಕೊಂಡೆ. ಮಗಳು ಕಣ್ಣೊರೆಸಿಕೊಂಡು ಮೆಲ್ಲಗೆ ಹೇಳಿದಳು. "ಅಜ್ಜಿ ಮಂಡಿಗೆ ಹಚ್ಚೋ ಎಣ್ಣೆ ಅಪ್ಪಾ. ಆ ಕೈಯಲ್ಲೇ ಅಲ್ವಾ ನಂಗೆ ಜಡೆ ಹಾಕೋದು."

ಹತ್ತೊಂಬತ್ತು ವರ್ಷ ಕಂಡಕಂಡವರ ಕಿವಿಯ ಹಿಂದೆ ಇಣುಕಿದ್ದೇನೆ. ನನ್ನ ಮಗಳ ಕಿವಿಯ ಹಿಂದೆ ಅದೇ ಚುಕ್ಕೆ ಎದ್ದಾಗ ನನಗೆ ಗುರುತು ಸಿಗಲಿಲ್ಲ. ಆ ಕ್ಷಣ ನನ್ನ ಕಣ್ಣನ್ನು ನಾನೇ ಕಿತ್ತುಕೊಳ್ಳಬೇಕು ಅನ್ನಿಸಿತು.

"ಆದ್ರೆ ಅತ್ತೆ ಹೋಗಿ ಒಂದೂವರೆ ತಿಂಗಳಾಯ್ತು, ಇವಳಿಗೆ ಇನ್ನೂ ಜಾಸ್ತಿನೇ ಆಗ್ತಿದೆ" ಎಂದಳು ಹೆಂಡತಿ.

"ಇದು ಬಂದಷ್ಟು ಬೇಗ ಹೋಗಲ್ಲ. ಹಚ್ಚೋದು ನಿಂತ ಮೇಲೂ ತಿಂಗಳುಗಟ್ಟಲೆ ಬೇಕು. ಆದ್ರೆ ನಿಂತಿದೆಯಲ್ಲ, ಅದು ಒಳ್ಳೇದು. ಆ ಎಣ್ಣೆ ಈಗ ಎಲ್ಲಿದೆ?"

"ಅತ್ತೆ ಜೊತೇಲಿ."

"ಅವರು ಎಲ್ಲಿದ್ದಾರೆ?"

ಹೆಂಡತಿ ನನ್ನ ಮುಖ ನೋಡಿದಳು. ನಾನು ಚೀಲದಲ್ಲಿ ಬಾಟಲಿ ಇಟ್ಟದ್ದು, ಆಡಿದ್ದು, ಎಲ್ಲರೂ ನಕ್ಕದ್ದು ಅವಳಿಗೂ ನೆನಪಾಗಿತ್ತು.

ಎದ್ದು ಹೊರಗಿನ ಸಾಲು ಬೆಂಚುಗಳ ನಡುವೆ ನಿಂತು ತಂಗಿಗೆ ಫೋನ್ ಮಾಡಿದೆ. ಬೆಂಚಿನ ತುಂಬ ಜನ. ತಾಯಿ ಮಗಳು ಹಿಂದೆಯೇ ಬಂದರು. ಫೋನ್ ಎತ್ತಿದ್ದು ಅಮ್ಮ.

"ಬಾಣಂತಿ ಈಗ ಮಲಗಿದಾಳೆ ಕಣೋ, ಮೆಲ್ಲಗೆ ಮಾತಾಡು. ನಾನೇ ಫೋನ್ ಮಾಡಬೇಕು ಅಂತಿದ್ದೆ. ಆ ಎಣ್ಣೆ ತಳ ಕಂಡಿದೆ, ಇನ್ನೊಂದು ಬಾಟ್ಲಿ ಕಳಿಸು."

"ಅಷ್ಟು ದೊಡ್ಡ ಬಾಟ್ಲಿ... ಮಂಡಿಗೇ ಖಾಲಿ ಆಯ್ತಾ?"

"ನನ್ನ ಮಂಡಿಗೆ ಎಲ್ಲಿ ಉಳೀತು? ದಿನಾ ಸ್ನಾನಕ್ಕೆ ಮುಂಚೆ ಪಾಪೂಗೆ ತಿಕ್ಕತೀನಲ್ಲ, ನೆತ್ತಿಯಿಂದ ಪಾದದ ತನಕ. ಎಂಥಾ ನಿದ್ದೆ ಅಂತೀಯ! ಈಗೀಗ ಹಾಲಿಗೂ ಏಳಲ್ಲ. ಅಳೋದಂತೂ ಮರೆತೇ ಬಿಟ್ಟಿದೆ, ಚಿನ್ನದಂಥ ಮಗು."

"ಅಮ್ಮಾ, ಅದರ ಮುಖ... ಮುಖದ ಮೇಲೆ ಏನಾದ್ರೂ..."

"ಕೆನ್ನೆ ಮೇಲೆ ಸಣ್ಣ ಸಣ್ಣ ಕಾಳು ಎದ್ದಿವೆ. ಎಳೇ ಮಕ್ಕಳಿಗೆ ಬಂದೇ ಬರುತ್ತೆ. ಬಂದ ದಾರೀಲೇ ಹೋಗುತ್ತೆ ಬಿಡು."

"ಕಿವಿ ಹಿಂದೆ ನೋಡಮ್ಮಾ."

"ಈಗ್ಲಾ?"

"ಈಗ್ಲೇ."

ಅಮ್ಮ ನೋಯುವ ಮಂಡಿಯಲ್ಲಿ ಕಾಲೆಳೆಯುತ್ತಾ ನಡೆದದ್ದು ಕೇಳಿಸಿತು. ತೊಟ್ಟಿಲಿನ ಹಗ್ಗ ಕಿರುಗುಟ್ಟಿತು. ಆಮೇಲೆ ಅವಳ ನಗು, ನನ್ನ ತಮಾಷೆಗಳಿಗೆ ಸದಾ ನಗುತ್ತಿದ್ದ ಅದೇ ನಗು.

"ಅಯ್ಯೋ, ಹೌದಲ್ಲೋ! ಎಳ್ಳು ಚೆಲ್ಲಿದ ಹಾಗೆ ಇದೆ. ನೀನು ಹೇಳಿದ ಹಾಗೇ ಆಯ್ತು ನೋಡು. ಕೂಸಿಗೆ ಕೆಲಸ ಕಾಯಂ!"

ಮಗಳು ನನ್ನ ಕೈಯಿಂದ ಫೋನ್ ಕಿತ್ತುಕೊಂಡಳು. "ಅಜ್ಜೀ, ಅದನ್ನ ಹಚ್ಚಬೇಡ! ಅತ್ತೇನ ಎಬ್ಬಿಸು, ಪಾಪೂನ ಈಗಲೇ ಆಸ್ಪತ್ರೆಗೆ ಕರ್ಕೊಂಡು ಹೋಗಿ, ಈಗಲೇ" ಎಂದು ಕೂಗತೊಡಗಿದಳು. ಅವಳ ಮುಖದ ಬಟ್ಟೆ ಜಾರಿ ನೆಲಕ್ಕೆ ಬಿದ್ದಿತ್ತು. ಬೆಂಚಿನ ಮೇಲಿದ್ದವರೆಲ್ಲ ಅವಳ ಕೆನ್ನೆಗಳನ್ನೇ ನೋಡುತ್ತಿದ್ದರು. ಅವಳಿಗೆ ಅದರ ಪರಿವೆಯೇ ಇರಲಿಲ್ಲ. ನಾನು ಪಕ್ಕದಲ್ಲೇ ನಿಂತಿದ್ದೆ. ತಮಾಷೆಗೆ ಹೇಳಿದ್ದಮ್ಮಾ ಎನ್ನಲು ಬಾಯಿ ತೆರೆದೆ, ಶಬ್ದ ಬರಲಿಲ್ಲ.